ಹಳದಿ ಡಬ್ಬದ ಪುಸ್ತಕಗಳು

ಅಕ್ಟೋಬರ್ 6, ಸೋಮವಾರ. ಮಧ್ಯಾಹ್ನ 3.20

ಇವತ್ತೂ ಕ್ವಿನ್ ಕೈಲಿ ಹೇಳಿಸಿಕೊಂಡೆ. ಜ್ಯಾಕ್ಸನ್ ನಗರದಿಂದ ವಾರಕ್ಕೆರಡು ಸಲ ಬರುವ ಓದಿನ ಕೋಚ್. ವಯಸ್ಸು ಇಪ್ಪತ್ತಾರು. ನನ್ನ ಸರ್ವಿಸ್ಸೇ ಮೂವತ್ತೊಂದು ವರ್ಷ, ಅಷ್ಟೂ ಒಂದನೇ ಕ್ಲಾಸಿನಲ್ಲಿ.

"ಮಿಸ್ ಪೆಟಸ್, 'ಮ' ಅನ್ನಬೇಡಿ, 'ಮ್' ಅನ್ನಿ. ಬಾಲ ಕತ್ತರಿಸಿ."

"ಕತ್ತರಿಸಿದೆ ಕಣಮ್ಮ."

"ಇನ್ನೂ ಚೂರು ಉಳಿದಿದೆ."

ಮಕ್ಕಳು ಕಿಸಕ್ಕನೆ ನಕ್ಕವು. ಎಲ್ಲ ಹೋದ ಮೇಲೆ, ಬಾಯಿ ನೋಡಿಕೊಳ್ಳಲು ಮಕ್ಕಳಿಗೆ ಕೊಟ್ಟಿರುವ ಪುಟ್ಟ ಕನ್ನಡಿ ಹಿಡಿದು ನೋಡಿಕೊಂಡೆ. ಮ್... ತುಟಿ ಮುಚ್ಚೇ ಇರಬೇಕು. ಅವಳು ಹೇಳಿದ್ದೇ ಸರಿ, ಅದೇ ಸಿಟ್ಟು. ಬಾಲವಿಲ್ಲದ ಸದ್ದುಗಳು ಒಂದಕ್ಕೊಂದು ತಟ್ಟನೆ ಅಂಟಿಕೊಳ್ಳುತ್ತವೆ. ಬಾಲ ಇದ್ದರೆ ಮಗು ಅಲ್ಲೇ ತಡವರಿಸುತ್ತದೆ. ಇಷ್ಟು ವರ್ಷ ಹೊಳೆಯಲೇ ಇಲ್ಲವಲ್ಲ ನನಗೆ. ನಾವು ಹೇಳಿಕೊಡುತ್ತಿದ್ದದ್ದೇ ಬೇರೆ — ಚಿತ್ರ ನೋಡು, ಮೊದಲಕ್ಷರ ನೋಡು, ಏನಿರಬಹುದು ಊಹಿಸು. ಈಗ ಚಿತ್ರದ ಮೇಲೆ ಕಾಗದ ಅಂಟಿಸಿ ಓದಿಸುತ್ತೇವೆ.

ಅಕ್ಟೋಬರ್ 9, ಗುರುವಾರ

ಗುರುವಾರ ಅಂದರೆ ಚೀಲದ ದಿನ. ಪ್ರತಿ ಮಗುವಿಗೂ ಒಂದು ಪ್ಲಾಸ್ಟಿಕ್ ಚೀಲ, ಒಳಗೆ ಎರಡು ತೆಳು ಪುಸ್ತಕ. ಹಳದಿ ಡಬ್ಬದವು ಸುಲಭ, ಹಸಿರು ಡಬ್ಬದವು ಆಮೇಲೆ. ಮನೆಯಲ್ಲಿ ಓದಿ ಸೋಮವಾರ ವಾಪಸ್.

ಇಪ್ಪತ್ತೆರಡು ಮಕ್ಕಳಲ್ಲಿ ಝರಿಯಾ ಗುಡನ್ ಎಲ್ಲರಿಗಿಂತ ಮುಂದು. ಬೆರಳಿಗೊಂದು ಸದ್ದು ಎಣಿಸಿಕೊಂಡು, ಮುಷ್ಟಿ ಬಿಗಿ ಹಿಡಿದು ಪದ ಹೊರಗೆ ಹಾಕುತ್ತಾಳೆ. ಅವಳಮ್ಮ ಡೆನೀಟ್ರಾನೂ ಇದೇ ಕೋಣೆಯಲ್ಲಿ ನನ್ನ ಹತ್ತಿರ ಕಲಿತವಳು. ಅವಳು ಕಥೆ ಓದಿದರೆ ಕ್ಲಾಸೇ ಸುಮ್ಮನಾಗುತ್ತಿತ್ತು. ಈಗ ಕ್ಯಾಟ್‌ಫಿಶ್ ಪ್ಲಾಂಟಿನಲ್ಲಿ ಮೀನು ಕುಯ್ಯುತ್ತಾಳೆ. ಚೀಲಕ್ಕೂ ಸ್ವಲ್ಪ ಮೀನಿನ ವಾಸನೆ. ಸ್ಕೂಲಿನ ಕಡೆ ತಲೆ ಹಾಕಿಲ್ಲ ಆಕೆ, ಒಂದು ಮೀಟಿಂಗಿಗೂ ಇಲ್ಲ.

ಅಕ್ಟೋಬರ್ 20, ಸೋಮವಾರ

ಝರಿಯಾಳ ಪುಸ್ತಕದಲ್ಲಿ ಚುಕ್ಕಿಗಳು. ಪೆನ್ಸಿಲಿನಲ್ಲಿ, ಪ್ರತಿ ಸದ್ದಿನ ಕೆಳಗೂ ಒಂದೊಂದು. ಎಸ್, ಎಚ್ ಸೇರಿ 'ಶ್' ಆಗುವಂತೆ ಎರಡಕ್ಷರ ಸೇರಿ ಒಂದೇ ಸದ್ದಾಗುವ ಕಡೆ ಒಂದೇ ಚುಕ್ಕಿ. ಅಂದರೆ ಇಟ್ಟವರಿಗೆ ಗೊತ್ತಿದೆ. ಆದರೆ ಒತ್ತಿ ಒತ್ತಿ, ಕಾಗದ ತೂತಾಗುವಷ್ಟು.

"ಇದ್ಯಾರು ಮರಿ ಚುಕ್ಕಿ ಇಟ್ಟಿದ್ದು?"

"ಬೆಕ್ಕು."

"ನಿಮ್ಮನೇಲಿ ಬೆಕ್ಕಿದ್ಯಾ?"

"ಇಲ್ಲ ಮಿಸ್."

ಹೇಳಿ ಸೀದಾ ಹೋಗಿ ಸಾಲಲ್ಲಿ ನಿಂತಳು. ಎಂಥ ಗಟ್ಟಿಗಿತ್ತಿ. ಅವಳಿಗಂತೂ ಈ ಚುಕ್ಕಿ ಬೇಕಿಲ್ಲ, ನೀರು ಕುಡಿದ ಹಾಗೆ ಓದುತ್ತಾಳೆ. ಮತ್ತೆ ಯಾರು?

ನವೆಂಬರ್ 10

ಹೋದ ವಾರ ಹಸಿರು ಡಬ್ಬಕ್ಕೆ ಹಾಕಿದೆ ಝರಿಯಾಳನ್ನು. ಇವತ್ತು ಓದಿಸಿದರೆ ಮುಗ್ಗರಿಸಿದಳು. ಮೂರಕ್ಷರದ ಪದಕ್ಕೂ ನನ್ನ ಮುಖ ನೋಡುತ್ತಾಳೆ. ನೆಗಡಿ ಇರಬೇಕು.

ನವೆಂಬರ್ 24

ನೆಗಡಿ ಅಲ್ಲ. ವಾಪಸ್ ಹಳದಿಗೆ ಹಾಕಿದೆ. ಬೇಜಾರು ಮಾಡಿಕೊಳ್ಳುತ್ತಾಳೆ ಅಂದುಕೊಂಡಿದ್ದೆ. ಹಳದಿ ಪುಸ್ತಕಗಳನ್ನು ಎದೆಗೊತ್ತಿಕೊಂಡು ಹೋದಳು! ಹಿಂದೆ ಬಿದ್ದದ್ದಕ್ಕೆ ಇಷ್ಟು ಖುಷಿಪಟ್ಟ ಮಗುವನ್ನು ನಾನು ನೋಡಿಲ್ಲ.

ಡಿಸೆಂಬರ್ 11, ಊಟದ ಹೊತ್ತು

ಕ್ಯೂನಲ್ಲಿ ಝರಿಯಾಳ ಹಿಂದೆ ನಿಂತಿದ್ದೆ. ಅವಳಿಗೆ ಗೊತ್ತಿಲ್ಲ. ಪಕ್ಕದ ಹುಡುಗಿಗೆ ಬೋರ್ಡು ಓದಿ ಹೇಳುತ್ತಿದ್ದಳು — ಹುರಿದ ಚಿಕನ್, ಟರ್ನಿಪ್ ಸೊಪ್ಪು, ಕಾರ್ನ್‌ಬ್ರೆಡ್, ಪೀಚ್ ಹಣ್ಣು. ಗಡಗಡ ಅಂತ, ಒಂದು ತಪ್ಪಿಲ್ಲ. ಬೆಳಗ್ಗೆ ನನ್ನ ಮುಂದೆ ಇದೇ ಮಗು ಹಳದಿ ಪುಸ್ತಕದ 'ಹಡಗು' ಅನ್ನುವ ಪದಕ್ಕೆ ಮೂರು ಸಲ ಎಡವಿತ್ತು.

ಟರ್ನಿಪ್ ಬರುತ್ತದೆ, ಹಡಗು ಬರುವುದಿಲ್ಲ. ಇದೇನಿದು? ಕ್ವಿನ್‌ಗೆ ಹೇಳಿದರೆ ಕಣ್ಣು ಕಿರಿದು ಮಾಡಿ, "ನಿಮಗೆ ಇಷ್ಟ ಆದ ಮಗು ಅಂತ ಹಾಗನ್ನಿಸ್ತಿರಬಹುದು" ಅಂದಳು. ಹೋಗೇ ಅತ್ಲಾಗೆ. ಕಿವಿಯಲ್ಲಿ ಕೇಳಿದ್ದೇನೆ.

ಜನವರಿ 15

ಚಳಿಗಾಲದ ಪರೀಕ್ಷೆ. ಒಂದು ನಿಮಿಷ, ನಾನು ಗಡಿಯಾರ ಹಿಡಿದು, ಅವಳು ಓದಿ. ಹದಿನಾಲ್ಕು ಪದ. ಅಕ್ಟೋಬರಿನಲ್ಲಿ ಮೂವತ್ತೊಂದು ಓದಿದ್ದವಳು.

ಮೀಟಿಂಗ್ ಆಯಿತು. ಪ್ರಿನ್ಸಿಪಾಲರು ನೇರವಾಗೇ ಹೇಳಿದರು — ಮೇ ಆರರ ಪರೀಕ್ಷೆಯಲ್ಲೂ ಹೀಗೇ ಆದರೆ ಇನ್ನೊಂದು ವರ್ಷ ಒಂದನೇ ಕ್ಲಾಸು. ತಾಯಿಗೆ ಕಾಗದ ಹೋಗುತ್ತದೆ. ಸುಮ್ಮನೆ ತಲೆಯಾಡಿಸಿ ಬಂದೆ. ಆದರೆ ಒಪ್ಪಿಲ್ಲ ನಾನು. ಈ ಮಗುವಿಗೆ ಓದಲು ಬರುತ್ತದೆ. ಬರುವುದಿಲ್ಲ ಅಂತ ನಮಗೆ ತೋರಿಸುತ್ತಿದೆ, ಅಷ್ಟೇ. ಯಾಕೆ ಅಂತ ಗೊತ್ತಾಗಬೇಕು.

ಜನವರಿ 22

ಕ್ವಿನ್ ಕೊಟ್ಟ ಕಾರ್ಡುಗಳು — ಅರ್ಥವೇ ಇಲ್ಲದ ಪದಗಳು. ಊಹಿಸಲು ಆಗುವುದೇ ಇಲ್ಲ, ಸದ್ದು ಕೂಡಿಸಿಯೇ ಓದಬೇಕು. ವಿಬ್, ಝಾಗ್, ಚುಮ್. ಝರಿಯಾ ಇಪ್ಪತ್ತಕ್ಕೆ ಇಪ್ಪತ್ತು ಓದಿದಳು! ಬಿದ್ದು ಬಿದ್ದು ನಕ್ಕಳು.

"ಇವು ಮನೆಗೆ ಬರಲ್ಲ ಅಲ್ವಾ ಮಿಸ್?"

"ಬರಲ್ಲ."

"ಹಾಗಾದ್ರೆ ಇನ್ನೊಂದಿಷ್ಟು ಕೊಡಿ."

ಮನೆಗೆ ಬರಲ್ಲ... ಕೈಯಲ್ಲಿದ್ದ ಕಾರ್ಡು ಹಾಗೇ ಉಳಿಯಿತು.

ಜನವರಿ 23, ಶುಕ್ರವಾರ. 2.50

ಕೇಳಿಯೇ ಬಿಟ್ಟೆ. ಬಸ್ಸು ಬರುವುದಕ್ಕೆ ಮುಂಚೆ, ಇಬ್ಬರೇ ಕೂತು.

"ಝರಿಯಾ, ಹಳದಿ ಪುಸ್ತಕ ಮನೇಲಿ ಯಾರಿಗೆ ಬೇಕು?"

ಶೂ ನೋಡಿಕೊಂಡಳು. "ಹೇಳಲ್ಲ ಅಂತ ಆಣೆ ಮಾಡಿದೀನಿ."

"ಹಾಗಾದ್ರೆ ಹೇಳ್ಬೇಡ. ನಾನು ಹೇಳ್ತೀನಿ, ತಪ್ಪಿದ್ರೆ ತಲೆಯಾಡ್ಸು. ಅಮ್ಮನಿಗೆ."

ತಲೆ ಅಲ್ಲಾಡಲಿಲ್ಲ. ಆಮೇಲೆ ಎಲ್ಲ ಒಟ್ಟಿಗೇ ಬಂತು. ಇವಳೊಂದು ಪುಟ, ಅಮ್ಮ ಒಂದು ಪುಟ. ಅಮ್ಮನಿಗೆ ಮೊದಲಿಂದ ಓದಲು ಬರುವುದೇ ಇಲ್ಲ, ಯಾರಿಗೂ ಗೊತ್ತಿಲ್ಲ. ಈಗ ಇವಳು ಹೇಳಿಕೊಟ್ಟ ಹಾಗೆ ಚುಕ್ಕಿ ಇಟ್ಟುಕೊಂಡು ಓದುತ್ತಾಳೆ. ಹಸಿರು ಪುಸ್ತಕ ತಂದ ದಿನ ಅಮ್ಮ ಎರಡು ಪುಟ ನೋಡಿ, "ನೀನು ಓದಮ್ಮ, ನನಗೆ ಸುಸ್ತು" ಅಂತ ಎದ್ದು ಹೋದಳಂತೆ. ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಳಂತೆ. ಇವಳಿಗೆ ಕೇಳಿಸಿದೆ.

"ನಾನು ತಪ್ಪು ಓದಿದ್ರೆ ನೀವು ಹಳದೀನೇ ಕೊಡ್ತೀರ ಅಲ್ವಾ?"

"ಹಳದಿ ಪುಸ್ತಕ ಬೇರೆ ಕೊಡ್ತೀನಿ ಪುಟ್ಟಿ, ಅಮ್ಮನಿಗೇ ಅಂತ. ನೀನು ಹಸಿರು ಓದು."

"ಬೇಡ. ನಾವಿಬ್ರೂ ಒಟ್ಟಿಗೇ ಹೋಗೋದು. ಅವಳೊಬ್ಳೇ ಹಿಂದೆ ಆಗ್ತಾಳೆ."

ಆರು ವರ್ಷ ಒಂಬತ್ತು ತಿಂಗಳು. ಇಡೀ ಸ್ಕೂಲನ್ನು ಮೂರು ತಿಂಗಳು ಏಮಾರಿಸಿದ್ದಾಳೆ. ಬಸ್ಸು ಬಂತು, ಓಡಿದಳು.

ಜನವರಿ 24

ಹಳೆಯ ರಿಪೋರ್ಟ್ ಪುಸ್ತಕಗಳನ್ನು ಗ್ಯಾರೇಜಿನ ಅಟ್ಟದಿಂದ ಇಳಿಸಿದೆ. ಡೆನೀಟ್ರಾ ಗುಡನ್, ಓದು: ಉತ್ತಮ. "ಭಾವ ತುಂಬಿ ಓದುತ್ತಾಳೆ." ನನ್ನದೇ ದುಂಡನೆ ಅಕ್ಷರ, ನನ್ನದೇ ಸಹಿ.

ಇನ್ನೊಂದು ವಿಷಯ ಇದೆ. ಬರೆಯಬೇಕು. ಇವತ್ತು ಬೇಡ.

ಫೆಬ್ರವರಿ 12. ಸಂಜೆ 5

ಪ್ಲಾಂಟಿನ ಗೇಟಿಗೆ ಹೋಗಿದ್ದೆ, ಮೂರೂವರೆ ಶಿಫ್ಟು ಬಿಡುವ ಹೊತ್ತಿಗೆ. ಬಿಳಿ ರಬ್ಬರ್ ಬೂಟು ಕೈಯಲ್ಲಿ ಹಿಡಿದು ಬಂದಳು ಡೆನೀಟ್ರಾ. ನನ್ನನ್ನು ನೋಡಿ ನಡಿಗೆ ನಿಧಾನ ಮಾಡಿದಳು.

"ಝರಿಯಾಗೆ ಏನಾಯ್ತು ಮಿಸ್?"

"ಏನೂ ಆಗಿಲ್ಲ. ಸ್ಕೂಲಿಂದ ಕಾಗದ ಬಂದಿತ್ತಲ್ಲ, ಅದರ ವಿಷಯ."

"ಫ್ರಿಜ್ ಮೇಲೆ ಅಂಟಿಸಿದೀನಿ. ಮೇಲ್ಗಡೆ ಸ್ಕೂಲಿನ ಗುರುತಿತ್ತು. ಒಳ್ಳೇ ಸುದ್ದಿ ಅಂದ್ಕೊಂಡೆ." ಆಮೇಲೆ ಮೆಲ್ಲಗೆ, "ಏನಿತ್ತು ಅದರಲ್ಲಿ?"

ಹೇಳಿದೆ. ಮಗಳು ಬೇಕಂತಲೇ ತಪ್ಪು ಓದುತ್ತಿರುವುದು, ಯಾಕೆ ಅನ್ನುವುದು, ಮೇ ಆರು. ಮಗು ಬಾಯಿಬಿಟ್ಟು ಹೇಳಿದ್ದಲ್ಲ, ನಾನೇ ಕಂಡುಹಿಡಿದದ್ದು ಅಂತಲೂ ಸೇರಿಸಿದೆ. ಬೂಟು ಕೆಳಗಿಟ್ಟಳು. ಮತ್ತೆ ಎತ್ತಿಕೊಂಡಳು.

"ನನ್ನ ಹತ್ರ ಬಾ. ವಾರಕ್ಕೆ ಎರಡು ದಿನ, ಸ್ಕೂಲು ಬಿಟ್ಟ ಮೇಲೆ. ನಾನು ಕಲಿಸ್ತೀನಿ."

"ನೀವಾ?" ನಕ್ಕಳು. ಒಳ್ಳೆಯ ನಗು ಅಲ್ಲ. "ಒಂದ್ಸಲ ಕಲಿಸಿದ್ರಲ್ಲ ಮಿಸ್. ಸಾಕಾಗ್ಲಿಲ್ವಾ?"

ಕಾರು ಹತ್ತಿ ಹೋದಳು. ಅಂದದ್ದರಲ್ಲಿ ಒಂದು ಮಾತೂ ತಪ್ಪಿಲ್ಲ.

ಫೆಬ್ರವರಿ 23

ಝರಿಯಾಳ ಚೀಲ ಬಿಚ್ಚದೆ ವಾಪಸ್ ಬಂದಿದೆ. ಚುಕ್ಕಿ ಇಲ್ಲ.

ಮಾರ್ಚ್ 19

ಹದಿಮೂರು ಪದ. ಝರಿಯಾ ಈಗ ನನ್ನ ಮುಖ ನೋಡುವುದಿಲ್ಲ. ಮನೆಯಲ್ಲಿ ಒಟ್ಟಿಗೆ ಓದುವುದೂ ನಿಂತಿದೆ. ನಾನು ಬಾಯಿ ಹಾಕಿದ್ದರಿಂದ ಇದ್ದದ್ದೂ ಹೋಯಿತು. ಪ್ರಿನ್ಸಿಪಾಲರಿಗೆ ನಿಜ ಹೇಳೋಣ ಅಂದರೆ ಡೆನೀಟ್ರಾಳ ಗುಟ್ಟು ಊರಿಗೆಲ್ಲ ಗೊತ್ತಾಗುತ್ತದೆ. ಬುಧವಾರ ಸಂಜೆ ಪ್ರಾರ್ಥನೆಗೆ ಚರ್ಚಿನಲ್ಲಿ ಸೇರಿದಾಗ ಎಲ್ಲರಿಗೂ ಎಲ್ಲಾ ತಿಳಿಯುವ ಊರು ಇದು. ಏನು ಮಾಡಲಿ.

ಏಪ್ರಿಲ್ 14, ಮಂಗಳವಾರ. 4.45

ಡೆನೀಟ್ರಾ ಬಂದಿದ್ದಳು, ಫ್ರಿಜ್ ಮೇಲಿದ್ದ ಆ ಕಾಗದ ಹಿಡಿದುಕೊಂಡು.

ಬಾಗಿಲಲ್ಲಿ ನಿಂತು ಕೋಣೆ ಪೂರ್ತಿ ನೋಡಿದಳು. ಮಕ್ಕಳ ಕುರ್ಚಿಯಲ್ಲಿ ಕೂತರೆ ಮಂಡಿ ಎದೆಗೆ ಬಂತು. ನಾನು ಹಳದಿ ಡಬ್ಬ ಎಳೆದೆ.

"ಪುಸ್ತಕ ಆಮೇಲೆ. ಮೊದಲು ಒಂದು ಕೇಳ್ಬೇಕು. ನನಗೆ ಓದಕ್ಕೆ ಬರ್ತಿಲ್ಲ ಅಂತ ಆಗ ನಿಮಗೆ ಗೊತ್ತಿತ್ತಾ?"

ಇಲ್ಲ ಅನ್ನಬಹುದಿತ್ತು. ಆಗ ನಮಗೆ ಹೇಳಿಕೊಟ್ಟದ್ದೇ ಹಾಗೆ ಅನ್ನಬಹುದಿತ್ತು, ಅದು ನಿಜವೂ ಹೌದು. ನಾಲಿಗೆ ತುದಿಗೆ ಬಂತು ಕೂಡ.

"ಗೊತ್ತಿತ್ತು," ಅಂದೆ. "ಮಾರ್ಚ್ ತಿಂಗಳು. ನೀನು ಓದ್ತಿದ್ದೆ, ಕೆರೆಯಲ್ಲಿ ಬಾತುಕೋಳಿ ಇರೋ ಪುಸ್ತಕ. ನಾನು ಬಗ್ಗಿದಾಗ ನನ್ನ ಕೈ ಚಿತ್ರದ ಮೇಲೆ ಬಿತ್ತು. ನೀನು ನಿಂತುಬಿಟ್ಟೆ. ಬಾಯಿ ತೆರೆದೇ ಇತ್ತು. ನನ್ನ ಕೈಯನ್ನೇ ನೋಡ್ತಿದ್ದೆ. ನಾನು ಕೈ ತೆಗೆದೆ, ನೀನು ಮತ್ತೆ ಓದಿದೆ. ಆಮೇಲೆ ಆ ವರ್ಷ ಪೂರ್ತಿ ನಿನ್ನ ಪುಸ್ತಕದ ಹತ್ರ ಕೈ ಇಡಲಿಲ್ಲ ನಾನು. ಮುಂದೆ ತಾನಾಗೇ ಬರತ್ತೆ ಅಂದ್ಕೊಂಡೆ. ಅಂದ್ಕೊಳ್ಳೋದು ಸುಲಭ ಇತ್ತು."

ಹೊರಗೆ ಯಾರೋ ನೆಲ ಒರೆಸುವ ಮೆಷೀನು ಓಡಿಸುತ್ತಿದ್ದರು.

"ಇಪ್ಪತ್ತೆರಡು ವರ್ಷ ನನ್ನ ತಲೇನೇ ಸರಿ ಇಲ್ಲ ಅಂದ್ಕೊಂಡಿದ್ದೆ ಮಿಸ್ ಪೆಟಸ್."

"ನಿನ್ನ ತಲೆ ಸರಿಯಾಗೇ ಇತ್ತು. ನನ್ನದೇ ತಪ್ಪು."

ಕ್ಷಮಿಸಿದೆ ಅನ್ನಲಿಲ್ಲ. ನಾನೂ ಕೇಳಲಿಲ್ಲ, ಕೇಳುವ ಮುಖ ಇರಲಿಲ್ಲ. ಕಣ್ಣೊರೆಸಿಕೊಂಡು ಗಡಿಯಾರ ನೋಡಿದಳು. "ಐದಕ್ಕೆ ಝರಿಯಾನ ಚಿಕ್ಕಮ್ಮನ ಮನೆಯಿಂದ ಕರ್ಕೋಬೇಕು. ಶುರು ಮಾಡಿ."

ಶುರು ಮಾಡಿದೆವು.

ಏಪ್ರಿಲ್ 28

ಡೆನೀಟ್ರಾಳ ಐದನೇ ಪಾಠ. ಎಷ್ಟು ಬೇಗ ಹಿಡಿಯುತ್ತಾಳೆ! ಮಕ್ಕಳು ಸದ್ದು ಕೂಡಿಸಿ ಪದ ಆದ ಕೂಡಲೇ ನಗುತ್ತವೆ. ಇವಳು ನಗುವುದಿಲ್ಲ, ವಾಪಸ್ ಹೋಗಿ ಸರಿಯಾಗಿದೆಯಾ ಅಂತ ಮತ್ತೆ ನೋಡುತ್ತಾಳೆ. ಯಾರನ್ನೂ ನಂಬುವುದಿಲ್ಲ, ಪುಸ್ತಕವನ್ನೂ. ಇವತ್ತು ಚಿತ್ರವೇ ಇಲ್ಲದ ಒಂದು ಪುಟ ಪೂರ್ತಿ ಓದಿದಳು. ಓದಿ, "ಇಷ್ಟೇನಾ?" ಅಂದಳು. ಸಿಟ್ಟಿತ್ತು ದನಿಯಲ್ಲಿ. ನ್ಯಾಯವಾದದ್ದೇ.

ಹಸಿರಿಗೆ ಇನ್ನೂ ಸಮಯ ಬೇಕು. ಮಗಳ ಹಿಂದೆಯೇ ಇರುತ್ತಾಳೆ, ಇನ್ನೊಂದು ವರ್ಷವಾದರೂ. ಪರೀಕ್ಷೆಗೆ ಎಂಟೇ ದಿನ. ಝರಿಯಾ ನಿನ್ನೆ ಹದಿನೈದು ಪದ ಓದಿದಳು, ಬಾಯಿ ಬಿಗಿದುಕೊಂಡು.

"ಅವಳಿಗೆ ನೀನೇ ಹೇಳ್ಬೇಕು," ಅಂದೆ. "ನನ್ನ ಮಾತು ಕೇಳಲ್ಲ ಅವಳು."

"ಏನಂತ ಹೇಳ್ಲಿ? ಅಮ್ಮನ್ನ ಬಿಟ್ಟು ಹೋಗು ಅಂತಾನಾ?"



ಮೇ 6, ಬುಧವಾರ. ಬೆಳಗ್ಗೆ 8.35

ಹದಿನೇಳು ಮಕ್ಕಳು ಮುಗಿದರು. ಮುಂದಿನದು ಅವಳು. ಕ್ವಿನ್ ಪಕ್ಕದಲ್ಲಿ ಕೂತು ಅಂಕ ಬರೆಯುತ್ತಿದ್ದಾಳೆ. ಅವಳು ಬರುವವರೆಗೆ ಇದನ್ನು ಗೀಚುತ್ತಿದ್ದೇನೆ.

ಝರಿಯಾ ಬಂದಳು. ಕುರ್ಚಿ ಎಳೆದುಕೊಂಡು ಕೂತಳು. ಕ್ವಿನ್‌ಗೆ ಕೇಳದ ಹಾಗೆ ಮೇಜಿನ ಮೇಲೆ ಬಗ್ಗಿ ನನ್ನ ಕಿವಿಯಲ್ಲಿ ಹೇಳಿದಳು — "ಅಮ್ಮ ಹೇಳಿದ್ಲು ಮಿಸ್, ನೀನು ಮುಂದೆ ಹೋಗಿ ಓದಿ ಇಟ್ಟಿರು, ನಾನು ಬಂದಾಗ ತಡವರಿಸಿದ್ರೆ ನೀನೇ ಹೇಳಿಕೊಡುವಿಯಂತೆ, ಅಂತ."

"ಹೌದಾ? ನೀನೇನಂದೆ?"

"ಸರಿ ಅಂದೆ."

ಬೆರಳು ಮೊದಲ ಸಾಲಿನ ಕೆಳಗೆ ಇಟ್ಟಿದ್ದಾಳೆ. ನಾನಿನ್ನೂ ಗಡಿಯಾರ ಒತ್ತಿಲ್ಲ, ಆಗಲೇ ಶುರು ಮಾಡಿ—