ಬೆಲ್ಟು, ಆಮೇಲೆ ಕಿವಿ

ಹಾವೆಲ್ ಕ್ರೀಕ್, ನೆಬ್ರಾಸ್ಕಾ
ಮೇ 4

ಪ್ರೀತಿಯ ಅಮ್ಮಾ,

ನಿನ್ನ ಮಂಡಿನೋವು ಹೇಗಿದೆ? ತನ್ನ ಮನೆಗೆ ಬಂದರೆ ಅರಿಜೋನದ ಬಿಸಿಲಿಗೆ ಅದು ಓಡಿಹೋಗುತ್ತದೆ ಎಂದು ಅಕ್ಕ ಬೊಗಳೆ ಬಿಟ್ಟಿದ್ದಳಲ್ಲ, ಓಡಿತೋ ಇಲ್ಲ ಅಲ್ಲೇ ಠಿಕಾಣಿ ಹೂಡಿತೋ ಬರೆ. ಅಪ್ಪನಿಗೆ ಊಟ ಸೇರುತ್ತಿದೆಯೇ? ಬ್ಲಾಂಚ್ ಅತ್ತೆ ಭಾನುವಾರ ಗಸಗಸೆ ತುಂಬಿದ ಕೊಲಾಚ್ ಬನ್ನು ಮಾಡಿ ತಂದಳು. ಚೆನ್ನಾಗಿದೆ ಎಂದೆ. ನೀನು ಮಾಡುವ ಹಾಗಿಲ್ಲ ಎಂದು ನಾನು ಹೇಳಲಿಲ್ಲ, ಅವಳೇ ನನ್ನ ಮುಖ ನೋಡಿ ತಿಳಿದುಕೊಂಡು ಮುನಿಸಿಕೊಂಡು ಹೋದಳು.

ಸ್ಕೂಲಿನ ಬೇಸ್‌ಬಾಲ್ ತಂಡ ನನ್ನ ಕೈಗೆ ಬಂದು ಎರಡು ತಿಂಗಳಾಯಿತು. ಕಾಲೇಜಿನ ಮೂರನೇ ವರ್ಷ ಭುಜ ಪೂರ್ತಿ ಕೈಕೊಟ್ಟಾಗ ಗಂಟುಮೂಟೆ ಕಟ್ಟಿಕೊಂಡು ಮನೆಗೆ ಬರುವವನಿದ್ದೆ, ನೆನಪಿದೆಯಾ? ಅಲ್ಲಿನ ಕೋಚ್, "ಭುಜ ಹೋದ್ರೆ ಹೋಯ್ತು, ಕಣ್ಣಿದೆಯಲ್ಲ, ಬಾ ನಿಂತ್ಕೋ" ಎಂದು ಓಡುವವರಿಗೆ ಸನ್ನೆ ಮಾಡಲು ಬೇಸಿನ ಪಕ್ಕ ನಿಲ್ಲಿಸಿದರು. ಆಡಲಾಗದವನಿಗೆ ಆಡಿಸುವ ಹುಚ್ಚು ಹಿಡಿದದ್ದು ಆವತ್ತೇ. ಈಗ ಅಪ್ಪ ಕೋಚ್ ಆಗಿ ನಿಲ್ಲುತ್ತಿದ್ದ ಜಾಗದಲ್ಲೇ, ಮೂರನೇ ಬೇಸಿನ ಪಕ್ಕದ ಸುಣ್ಣದ ಚೌಕದಲ್ಲೇ, ನಿಂತು ಹುಡುಗರಿಗೆ ಸನ್ನೆ ಮಾಡುತ್ತೇನೆ. ಸಂತೋಷವಾಗಿದ್ದೇನೆ ಅಮ್ಮಾ. ಬಂದ ದಿನವೇ ಅಪ್ಪನ ಸನ್ನೆಗಳನ್ನೆಲ್ಲ ಕಿತ್ತುಹಾಕಿ ಹೊಸವನ್ನು ಕಲಿಸಿದೆ. ನಾನು ಟೋಪಿ ಮುಟ್ಟಿದ ಮೇಲೆ ಬರುವ ಸನ್ನೆ ಮಾತ್ರ ನಿಜ, ಉಳಿದದ್ದೆಲ್ಲ ಎದುರಾಳಿಯ ಕಣ್ಣಿಗೆ ಮಣ್ಣು. ಅಪ್ಪನದು ಬೆಲ್ಟು ಮುಟ್ಟುವುದು, ಆಮೇಲೆ ಕಿವಿ. ಅಂದರೆ ಮೂರನೇ ಬೇಸಿನಿಂದ ಓಟ ಮುಗಿಯುವ ಹೋಮಿಗೆ ಓಡು, ಹಿಂದೆಮುಂದೆ ನೋಡಬೇಡ. ಅದನ್ನು ನಂಬಿಯೇ ತಾನೆ ಹದಿನೇಳನೇ ವಯಸ್ಸಿನಲ್ಲಿ ನಾನು ಹೋಮ್ ಕಾಯುತ್ತಿದ್ದ ಆ ಗೂಳಿಯಂಥ ಕ್ಯಾಚರಿಗೆ ಡಿಕ್ಕಿ ಹೊಡೆದದ್ದು? ಚೆಂಡು ಆಗಲೇ ಅವನ ಕೈ ಸೇರಿತ್ತು. ಅವತ್ತು ಮುರಿದ ಭುಜ ಸರಿಯಾಗಿ ಕೂಡಲೇ ಇಲ್ಲ. ಅಪ್ಪ ಆ ಮಾತನ್ನು ಒಮ್ಮೆಯೂ ಎತ್ತಲಿಲ್ಲ. ನನಗೆ ಇವತ್ತಿಗೂ ಅದೇ ಕೋಪ.

ಕಳೆದ ಮಂಗಳವಾರದ ಪಂದ್ಯದಲ್ಲಿ ಕೋಲ್ಟನ್ ಎಂಬ ಹುಡುಗ ಮೂರನೇ ಬೇಸಿನಲ್ಲಿದ್ದ. ನಿಲ್ಲು ಎಂದು ಸನ್ನೆ ಮಾಡಿದೆ. ಅವನು ಓಡಿದ. ಕೂದಲೆಳೆಯಲ್ಲಿ ಹೋಮ್ ಮುಟ್ಟಿದ, ಗೆದ್ದೆವು. ಬೈಯಲು ಕರೆದರೆ, "ನೀವೇ ಕೊಟ್ರಲ್ಲ ಕೋಚ್. ಬೆಲ್ಟು, ಕಿವಿ" ಎಂದ. ಅಪ್ಪನ ಕಾಲದಲ್ಲಿ ಆಡದ ಹುಡುಗ, ಅದನ್ನು ಯಾರು ಕಲಿಸಿದರು ಎಂದು ಕೇಳಿದೆ. ತಲೆ ಕೆರೆದುಕೊಂಡ. ಯಾರೂ ಕಲಿಸಿಲ್ಲವಂತೆ, ನೋಡಿದ ಕೂಡಲೇ ಗೊತ್ತಾಯಿತಂತೆ. ಹುಡುಗಾಟ ಎಂದುಕೊಂಡೆ. ಆದರೆ ಸ್ಕೋರ್ ಬರೆಯುವ ವರ್ನ್ ಮಾಮ, ಅಪ್ಪನ ಜೊತೆ ಅದೇ ಬೆಂಚಿನಲ್ಲಿ ವರ್ಷಗಟ್ಟಲೆ ಸೂರ್ಯಕಾಂತಿ ಬೀಜದ ಸಿಪ್ಪೆ ಉಗುಳಿದವರು, ನನ್ನ ಕಾರಿನವರೆಗೂ ಹಿಂದೆ ಬಂದರು. "ಲ್ಯಾಡಿ, ನಿನ್ ಬಲಗೈ ನಿಮ್ಮಪ್ಪನ ಕೈ ಥರ ಆಡ್ತಿತ್ತು ಕಣೋ. ಕಿರುಬೆರಳು ಸೊಟ್ಟಗಿತ್ತು" ಎಂದರು. ಸೊಟ್ಟ ಬೆರಳು ಅಪ್ಪನದು, ನನ್ನದು ನೆಟ್ಟಗಿದೆ, ನಿನಗೇ ಗೊತ್ತು.

ಶನಿವಾರ ನಿನ್ನ ಕಾಗದ ಬಂತು. ಎಷ್ಟು ಖುಷಿಯಿಂದ ಬರೆದಿದ್ದೀಯ, ಪಾರ್ಶ್ವವಾಯು ಬಡಿದು ಮರಗಟ್ಟಿದ್ದ ಅಪ್ಪನ ಬಲಗೈಗೆ ಮಂಗಳವಾರ ಮಧ್ಯಾಹ್ನ ಜೀವ ಬಂತೆಂದು. ಹೊದಿಕೆಯ ಮೇಲೆ ಸೊಂಟ ಮುಟ್ಟಿಕೊಂಡ, ಆಮೇಲೆ ಕಿವಿ ಮುಟ್ಟಿಕೊಂಡ, ನೊಣ ಓಡಿಸುತ್ತಿದ್ದಾನೆ ಅಂದುಕೊಂಡೆ ಎಂದು. ಮಗನಾದವನು ಸಂತೋಷಪಡಬೇಕಿತ್ತು. ನನಗೆ ಭಯವಾಯಿತು ಅಮ್ಮಾ. ಇವತ್ತು ಅಭ್ಯಾಸದ ಹೊತ್ತಿನಲ್ಲಿ ನನ್ನ ಬದಲು ವರ್ನ್ ಮಾಮನನ್ನು ಆ ಚೌಕದಲ್ಲಿ ನಿಲ್ಲಿಸಿ ನೋಡಿದೆ. ಅವರ ಕೈಯೂ ಬೆಲ್ಟಿಗೇ ಹೋಯಿತು. ಕೋಲೂರಿಕೊಂಡು ಹೋಗಿ ಬೆಂಚಿನ ಮೇಲೆ ಕೂತುಬಿಟ್ಟರು.

ಅಕ್ಕನನ್ನು ಕೇಳಿದೆನೆಂದು ಹೇಳು, ಅವಳ ಮಕ್ಕಳ ಕೆನ್ನೆ ಹಿಂಡು. ಅಪ್ಪನ ಹಣೆಗೆ ನನ್ನ ಲೆಕ್ಕದಲ್ಲಿ ಒಂದು ಮುತ್ತು ಕೊಡು. ಕೋಪ ಬೇರೆ, ಅದು ಬೇರೆ.

ನಿನ್ನ
ಲ್ಯಾಡಿ

ಮರೆತ ಮಾತು: ಹದಿನೈದನೇ ತಾರೀಕು ಶುಕ್ರವಾರ ಕೊನೆಯ ಪಂದ್ಯ. ಎದುರಿನ ಕ್ಯಾಚರನ್ನು ನೋಡಿ ಬಂದೆ, ಅಂಥದೇ ಗೂಳಿ. ಕೋಲ್ಟನ್‌ಗೆ ಹದಿನೇಳು. ಅವನ ಆಟ ನೋಡಲು ಕಾಲೇಜಿನವರು ಬರುತ್ತಿದ್ದಾರೆ. ಇದನ್ನು ಫೋನಿನಲ್ಲೇ ಹೇಳಬಹುದಿತ್ತು, ಆದರೆ ನೀನು ಸ್ಪೀಕರ್ ಹಾಕಿಬಿಡುತ್ತೀಯ, ಅಪ್ಪನ ಕಿವಿಗೆ ಬೀಳುತ್ತದೆ. ಪಂದ್ಯ ಶುರುವಾಗುವುದು ನಮ್ಮ ನಾಲ್ಕು ಗಂಟೆಗೆ, ಆಗ ನಿಮ್ಮಲ್ಲಿ ಎರಡು. ಅವತ್ತು ಎರಡಕ್ಕೆ ಅಪ್ಪನ ಪಕ್ಕ ಕೂತು ಅವನ ಬಲಗೈಯನ್ನು ನಿನ್ನ ಎರಡೂ ಕೈಯಲ್ಲಿ ಹಿಡಿದುಕೋ. ನಾನು ಫೋನ್ ಮಾಡುವ ತನಕ, ಎಷ್ಟೇ ಕೊಸರಿದರೂ, ಬಿಡಬೇಡ.