ಮಂಗಳವಾರದ ಮೂವತ್ತೆಂಟು

ಮನೆಯಿಂದ,
ಜೂನ್ ೨೧, ಶುಕ್ರವಾರ ಬೆಳಿಗ್ಗೆ

ಪ್ರೀತಿಯ ಅಪ್ಪಾ,

ಮಂಡಿ ನೋವು ಹೇಗಿದೆ? ಅಣ್ಣನ ಮನೆಯ ಮೆಟ್ಟಿಲುಗಳನ್ನು ನಿಧಾನವಾಗಿ ಹತ್ತುತ್ತಿದ್ದೀರಿ ತಾನೇ? ಮಾತ್ರೆ ನುಂಗಿದೆ ಎಂದು ಅತ್ತಿಗೆಗೆ ಸುಳ್ಳು ಹೇಳಬೇಡಿ. ಹಾಗೆ ಬುದ್ಧಿ ಹೇಳುವ ಯೋಗ್ಯತೆ ಸದ್ಯಕ್ಕೆ ನನಗಿಲ್ಲ, ಇರಲಿ. ಇಲ್ಲಿ ಪಾಪುವಿಗೆ ಹಲ್ಲು ಬರುತ್ತಿದೆ, ನಾನು ನೆಟ್ಟಗೆ ನಿದ್ದೆ ಮಾಡಿ ಎರಡು ವಾರವಾಯಿತು. ಒಲೆ ಆರಿಸಿದೆನೋ ಇಲ್ಲವೋ ಎಂದು ಮೂರು ಮೂರು ಸಲ ಹೋಗಿ ನೋಡುತ್ತೇನೆ. ಈ ಕಾಗದವನ್ನೂ ನಾಲ್ಕು ಸಲ ಎದ್ದು ಕೂತು ಬರೆಯುತ್ತಿದ್ದೇನೆ.

ನೀವು ಮೊಮ್ಮಗಳ ಜೊತೆ ಕೂತು ಬಾಟಲಿ ಕತ್ತರಿಸಿ ಮಾಡಿಕೊಟ್ಟ ಮಳೆಮಾಪಕ ತಾರಸಿಯ ಮೇಲೆ, ನಾಲ್ಕು ಇಟ್ಟಿಗೆಗಳ ನಡುವೆ, ಅಲ್ಲೇ ಇದೆ. ಅವಳ ತರಗತಿಯ ಹನ್ನೊಂದು ಮಕ್ಕಳು ಬೆಳಿಗ್ಗೆ ಎಂಟಕ್ಕೆ ಅವರವರ ಮನೆಯಲ್ಲಿ ಅಳೆದ ಮಳೆಯನ್ನು ವಿಜ್ಞಾನದ ಮೇಷ್ಟ್ರು ಗೋಡೆಯ ನಕ್ಷೆಯಲ್ಲಿ ಗುರುತು ಹಾಕುತ್ತಾರೆ. ಅವಳ ಅಳತೆಗಳು ವಾರಕ್ಕೊಂದು ಕಾರ್ಡಿನಲ್ಲಿ ನಿಮ್ಮ ಗೋಡೆಯ ಗ್ರಾಫಿಗೂ ಬರುತ್ತವಲ್ಲ, ಅದರಲ್ಲಿ ಹೋದ ವಾರದ ಮಂಗಳವಾರ ಮೂವತ್ತೆಂಟು ಮಿಲಿಮೀಟರ್ ಎಂದಿದೆ. ಅದು ಮಳೆಯಲ್ಲ ಅಪ್ಪಾ. ಅದು ನಾನು.

ಆ ಬೆಳಿಗ್ಗೆ ಪಾಪುವಿನ ಬಟ್ಟೆ ಹರವಲು ಹೋದವಳು ಬಾಟಲಿಯಲ್ಲಿ ನಿಂತ ನೀರು ಕಂಡೆ. ಸೊಳ್ಳೆ ಮೊಟ್ಟೆಯಿಟ್ಟರೆ, ಪಾಪುವಿಗೆ ಜ್ವರ ಬಂದರೆ, ಅಷ್ಟೇ ತಲೆಯಲ್ಲಿ, ಎತ್ತಿ ಸುರಿದುಬಿಟ್ಟೆ. ಸುರಿದ ಮೇಲೆ ನೆನಪಾಯಿತು, ಅವಳು ಇನ್ನೂ ಅಳೆದಿರಲಿಲ್ಲ. ಕೆಳಗೆ ಅವಳು ಹಲ್ಲುಜ್ಜುವ ಸದ್ದು ಕೇಳುತ್ತಿತ್ತು. ಹಿಂದಿನ ರಾತ್ರಿ ಕಿಟಕಿಯ ತಗಡಿನ ಮೇಲೆ ಮಳೆ ಜೋರಾಗಿ ಬಡಿದಿತ್ತು, ಆ ಅಂದಾಜಿನಲ್ಲಿ ಬಕೆಟ್ಟಿನ ನೀರನ್ನು ಮಗ್ಗಿನಿಂದ ಹುಯ್ದೆ. ಅವಳು ಬಂದು, ಮಂಡಿಯೂರಿ, ಕಣ್ಣನ್ನು ನೀರಿನ ಮಟ್ಟಕ್ಕೆ ತಂದು, ಮೇಷ್ಟ್ರು ಕೊಟ್ಟ ಅಳತೆ ಪುಸ್ತಕದಲ್ಲಿ ಮೂವತ್ತೆಂಟು ಎಂದು ಬರೆದುಕೊಂಡಳು.

ಉಳಿದ ಹತ್ತು ಮನೆಗಳಲ್ಲೂ ಆರು, ಏಳು.

ಅವತ್ತಿನಿಂದ ತರಗತಿಯಲ್ಲಿ “ಮೂವತ್ತೆಂಟು ಬಂದ್ಲು, ಕೊಡೆ ಬಿಚ್ಚ್ರೋ” ಎಂದು ಕಾಡುತ್ತಾರಂತೆ. ಮೇಷ್ಟ್ರು ಒಳ್ಳೆಯವರು. “ನೀನು ಸುಳ್ಳು ಬರೆಯೋಳಲ್ಲ. ಏನೋ ಕಾರಣ ಇರುತ್ತೆ, ಹುಡುಕು” ಅಂದಿದ್ದಾರೆ. ಅವಳು ಹುಡುಕುತ್ತಿದ್ದಾಳೆ. ಪಕ್ಕದ ಮನೆಯ ಟ್ಯಾಂಕ್ ತುಂಬಿ ಚೆಲ್ಲಿತ್ತಾ ಎಂದು ಕೇಳಲು ಹೋಗಿ, “ನಮ್ಮ ಟ್ಯಾಂಕ್ ಮೇಲೇ ಕೇಸಾ, ಪೊಲೀಸಮ್ಮಾ?” ಅನ್ನಿಸಿಕೊಂಡು ಬಂದಳು. ಅನುಮಾನಗಳ ಪಟ್ಟಿಯನ್ನೇ ಮಾಡಿದ್ದಾಳೆ: ಟ್ಯಾಂಕು, ಕಾಗೆ, ಪಾಪುವಿನ ಒದ್ದೆ ಬಟ್ಟೆ, ವಕ್ರವಾಗಿ ಅಂಟಿಸಿದ ಅಳತೆಪಟ್ಟಿ. ಅಂಟಿಸಿದ್ದು ನೀವಾದ್ದರಿಂದ ನಿಮ್ಮ ಹೆಸರೂ ಇದೆ. ನನ್ನದಿಲ್ಲ. ಒಂದೊಂದನ್ನೇ ಹೊಡೆದುಹಾಕುತ್ತಾ ಬಂದು ನಿನ್ನೆ ಕೊನೆಗೆ, “ನಂಗೇ ನೋಡೋಕೆ ಬರಲ್ಲ ಅನ್ಸುತ್ತಮ್ಮಾ. ಸೋಮವಾರ ಪುಸ್ತಕ ವಾಪಸ್ ಕೊಟ್ಟುಬಿಡ್ತೀನಿ” ಅಂದಳು. ನಾನು ಪಾಪುವಿಗೆ ಅಂಗಿ ತೊಡಿಸುತ್ತಿದ್ದೆ. ಹೂಂ ಅಂದೆ. ಯಾಕೆ ಹೂಂ ಅಂದೆನೋ.

ಬಾಯಿ ತೆರೆದಾಗಲೆಲ್ಲ ಇಷ್ಟು ದಿನ ಯಾಕೆ ಹೇಳಲಿಲ್ಲ ಎಂದಾಳು ಎನ್ನಿಸಿ ಮುಚ್ಚಿಕೊಳ್ಳುತ್ತೇನೆ. ನೀವಿದ್ದಿದ್ದರೆ ನನ್ನ ಮುಖ ನೋಡಿಯೇ ಕಂಡುಹಿಡಿಯುತ್ತಿದ್ದಿರಿ. ಅಣ್ಣ ಅತ್ತಿಗೆಯರನ್ನು ಕೇಳಿದೆನೆಂದು ಹೇಳಿ. ಅಲ್ಲಿಂದಲೇ ನನ್ನ ತಲೆಯ ಮೇಲೊಂದು ಕೈಯಿಡಿ.

ನಿಮ್ಮ ಮಗಳು

ವಿ.ಸೂ.: ಶನಿವಾರ. ಅಂಚೆಗೆ ಹೊತ್ತಾಯಿತು. ನಿನ್ನೆ ಶಾಲೆಯಿಂದ ಬಂದ ಕೂಡಲೇ ಹೇಳಿದೆ. ಅವಳು ಅಳಲಿಲ್ಲ. “ಎಷ್ಟು ಮಗ್ಗು?” ಅಂದಳು. ಅದೇ ಮಗ್ಗಿನಿಂದ ಮತ್ತೆ ಹುಯ್ಯಿಸಿದಳು, ಮೂವತ್ತಾರು ಬಂತು. ಪುಸ್ತಕದಲ್ಲಿ ರಬ್ಬರ್ ಮುಟ್ಟಲಿಲ್ಲ, ಮೇಷ್ಟ್ರು ಕಲಿಸಿದ ಹಾಗೆ ಒಂದೇ ಗೆರೆ ಎಳೆದು ಪಕ್ಕದಲ್ಲಿ “ಮಳೆಯಲ್ಲ, ಅಮ್ಮ ಹುಯ್ದಿದ್ದು” ಎಂದು ಬರೆದಳು. ತಾತನೂ ಗ್ರಾಫಿನಲ್ಲಿ ಹಾಗೇ ಮಾಡಬೇಕಂತೆ. ಆರೋ ಏಳೋ ಇದ್ದಿರಬೇಕು ಎಂದು ತುಂಬಬಾರದಂತೆ, ಆ ದಿನ ಖಾಲಿಯೇ ಇರಬೇಕಂತೆ. ಪುಸ್ತಕ ವಾಪಸ್ ಕೊಡುವುದಿಲ್ಲ. ಇವತ್ತು ಎಂಟಕ್ಕೆ ನಾನೂ ತಾರಸಿಗೆ ಹೋದೆ. ಬಾಟಲಿಯಿಂದ ಮೂರು ಹೆಜ್ಜೆ ದೂರಕ್ಕೆ ಒಂದು ಇಟ್ಟಿಗೆ ಇಟ್ಟು, “ನೀನು ಇಲ್ಲೇ ನಿಂತ್ಕೋ” ಅಂದಳು. ನಿಂತೆ.