ಬಿಳಿಯ ಚೆಂಡು ಹಾಕಿದವನ ಉತ್ತರ

ಗೋರ್ಲಿಟ್ಸ್, ೬ ಅಕ್ಟೋಬರ್ ೧೯೩೬

ಸೀಗ್‌ಬೆರ್ಟ್,

ಮೊದಲು 'ಪ್ರಿಯ' ಎಂದು ಬರೆದೆ. ಹೊಡೆದುಹಾಕಿದೆ. ಹೊಡೆದದ್ದು ನಿನಗೆ ಕಾಣಬಾರದೆಂದು ಬೇರೆ ಹಾಳೆ ತೆಗೆದುಕೊಂಡೆ. ಓದಿ ಮುಗಿಸಿದ ಮೇಲೆ ಆ ಪದ ಬೇಕೋ ಬೇಡವೋ ನೀನೇ ತೀರ್ಮಾನಿಸು.

ಹ್ಯಾಂಬರ್ಗಿನಿಂದ ನೀನು ಬರೆದ ಕಾಗದ ಶನಿವಾರ ಬಂತು. ಹದಿನಾಲ್ಕಕ್ಕೆ ಹಡಗು, ಮಾಂಟೆವಿಡಿಯೋಗೆ ಮೂರು ವಾರದ ದಾರಿ, ಮಗಳಿಗೆ ಈಗಲೇ ಸಮುದ್ರದ ಭಯ. ಇಷ್ಟು ಬರೆದು, ಕೆಳಗೆ ನಿನ್ನ ಎಂದಿನ ಮಾತಿನ ಧಾಟಿಯಲ್ಲೇ ಕೇಳಿದ್ದೀಯ: "ಹೊರಡೋಕೆ ಮುಂಚೆ ಒಂದು ವಿಷಯ ತಿಳ್ಕೊಂಡು ಹೋಗ್ಬೇಕು ಮೇಷ್ಟ್ರೇ. ಇಪ್ಪತ್ನಾಲ್ಕರಲ್ಲಿ ನಿಮ್ಮ ಮೇಸನ್ ಲಾಡ್ಜ್‌ನ ಮತದಾನದಲ್ಲಿ ನನಗೆ ಬಿದ್ದ ಎರಡು ಕಪ್ಪು ಚೆಂಡಲ್ಲಿ ಒಂದು ನಿನ್ನದಾ? ಅಲ್ಲ ಅಂದ್ರೆ ದಕ್ಕೆಗೆ ಬಂದು ನಮ್ಮನ್ನ ಕಳಿಸ್ಕೊಡು. ಹೌದು ಅಂದ್ರೆ ಬರ್ಬೇಡ, ಬರೀಲೂ ಬೇಡ."

ನನ್ನ ಕೈ ಒಪ್ಪಿಗೆಯ ಬಿಳಿ ಚೆಂಡನ್ನೇ ಹಾಕಿತು. ಇದು ನಿಜ. ಇಷ್ಟನ್ನೇ ಹೇಳಿ ಸುಮ್ಮನಾಗಬಹುದು. ಓಟಿಲಿ ಎರಡು ದಿನದಿಂದ ಅದನ್ನೇ ಹೇಳುತ್ತಿದ್ದಾಳೆ: "ಅಲ್ಲ ಅನ್ನೋಕೆ ಇಷ್ಟು ಯೋಚನೆ ಯಾತಕ್ಕೆ? ಹೋಗಿ ಬನ್ನಿ. ಹೆಡ್ವಿಗ್‌ಗೂ ಮಗೂಗೂ ಅಂತ ಪ್ಲಮ್ ಜಾಮ್ ಬೇರೆ ಕಟ್ಟಿಟ್ಟಿದೀನಿ." ಹೆಂಡತಿಯಾದರೂ ಅವಳಿಗೆ ನಾನು ಹೇಳಿರುವುದೂ ನಿನಗೆ ಈವರೆಗೆ ಹೇಳಿದಷ್ಟೇ. ಆದ್ದರಿಂದ ಈ ಪತ್ರ ಓದುವ ಮೊದಲನೆಯವನು ನೀನು.

ನೀನು ಬ್ರೆಸ್ಲೌ ಬಿಟ್ಟು ಮಾವನ ಕನ್ನಡಕದ ಅಂಗಡಿ ನೋಡಿಕೊಳ್ಳಲು ಈ ಊರಿಗೆ ಬಂದಾಗ ನನಗೆಷ್ಟು ಖುಷಿಯಾಗಿತ್ತೆಂದು ನಿನಗೆ ಗೊತ್ತು. ಯುದ್ಧದಲ್ಲಿ ಎರಡು ಚಳಿಗಾಲ ಒಂದೇ ಕಂದಕದಲ್ಲಿ ಕಳೆದವರು ನಾವು. ಬ್ರೆಸ್ಲೌ ಲಾಡ್ಜ್‌ನಲ್ಲಿ ನೀನು ಆಗಲೇ ಫ್ರೀಮೇಸನ್ ಸೋದರಸಂಘಕ್ಕೆ ಸೇರಿದ್ದವನು, ಇಲ್ಲಿನ ಲಾಡ್ಜ್‌ನಲ್ಲಿ ನಾನಿದ್ದೆ. ನಿನ್ನನ್ನು ನಮ್ಮಲ್ಲಿಗೆ ಸೇರಿಸಿಕೊಳ್ಳುವುದು ಒಂದು ಸಹಿಯ ಕೆಲಸ ಎಂದುಕೊಂಡಿದ್ದೆ. ಕೆಲವು ಲಾಡ್ಜ್‌ಗಳಲ್ಲಿ ಯೆಹೂದಿಗಳಿಗೆ ಬಾಗಿಲೇ ಇರಲಿಲ್ಲ. ನಮ್ಮದರಲ್ಲಿ ಬಾಗಿಲಿತ್ತು, ಮತದ ಚೆಂಡುಗಳ ತೀರ್ಮಾನಕ್ಕೆ ಬಿಟ್ಟಿದ್ದ ಬಾಗಿಲು. ಆ ವ್ಯತ್ಯಾಸದ ಬಗ್ಗೆ ನಮಗೆ ಹೆಮ್ಮೆಯೂ ಇತ್ತು.

ನಿನ್ನ ಅರ್ಜಿಗೆ ಜಾಮೀನು ನಿಂತವನು ನಾನು. ಅದೇ ಚಳಿಗಾಲದಲ್ಲಿ ನಾನು ಆ ಉಪನ್ಯಾಸವನ್ನೂ ಕೊಟ್ಟೆ.

ಆಗ ನನಗೆ ಗುಪ್ತವಿದ್ಯೆಯ ಪುಸ್ತಕಗಳ ಹುಚ್ಚು. ಮ್ಯೂನಿಕ್‌ನ ಒಬ್ಬ ಪಂಡಿತನ ಮೂರು ಸಂಪುಟ ತರಿಸಿ ಲಾಡ್ಜ್‌ನ ಗ್ರಂಥಾಲಯಕ್ಕೆ ಕೊಟ್ಟಿದ್ದೆ. ಅರ್ಧ ಈಜಿಪ್ಟು, ಕಾಲು ಭಾಗ ಹಿಮಾಲಯ, ಉಳಿದದ್ದು ಅವನ ಸ್ವಂತ ದ್ವೇಷ. ಬೆಳಕಿನ ಬಗ್ಗೆ, ಮೇಸನ್ನರು ಹುಡುಕುವ ಕಳೆದುಹೋದ ಪದದ ಬಗ್ಗೆ, ಕಲ್ಲಿನೊಳಗೆ ಮಲಗಿರುವ ಚೈತನ್ಯದ ಬಗ್ಗೆ ಅವನು ಬರೆದದ್ದು ಚೆನ್ನಾಗಿತ್ತು, ಈಗಲೂ ಹಾಗೇ ಅನ್ನಿಸುತ್ತದೆ. ಹೇಸಿಗೆಯ ಪುಟಗಳು ಬಂದಾಗ ಮೀನಿನ ಮುಳ್ಳು ತೆಗೆದಿಟ್ಟ ಹಾಗೆ ತೆಗೆದಿಟ್ಟು ಮುಂದೆ ಓದುತ್ತಿದ್ದೆ. ಲ್ಯಾಟಿನ್ ಕಲಿಸುವ ಮೇಷ್ಟ್ರು ನಾನು; ಯಾವುದನ್ನು ನುಂಗಬೇಕು, ಯಾವುದನ್ನು ಉಗುಳಬೇಕು ಎಂದು ನನಗೆ ಗೊತ್ತಿದೆಯೆಂದು ನಂಬಿದ್ದೆ.

ಉಪನ್ಯಾಸದಲ್ಲಿ ನಾನು ಹೇಳಿದ್ದು ಇಷ್ಟು. ನಮ್ಮ ಆಚರಣೆಗಳಿಗೆಲ್ಲ ಮೂಲವಾದ ಸೊಲೊಮನ್ನನ ದೇವಾಲಯವನ್ನು ಮೊದಲು ಕಟ್ಟಿದವರು ಉತ್ತರದಿಂದ ಬಂದ ಬೆಳಕಿನ ಜನ. ಆಮೇಲೆ ಬೀಗದ ಕೈ ನೆರಳಿನ ಜನರ ಪಾಲಾಯಿತು. ಮೂಲಪದ ಕಳೆದುಹೋದದ್ದು ಅವರ ಕೈಯಲ್ಲಿ. ಯೆಹೂದಿ ಎಂಬ ಶಬ್ದ ನನ್ನ ಬಾಯಿಂದ ಒಂದು ಸಲವೂ ಬರಲಿಲ್ಲ. ನಾನು ಅಷ್ಟು ಸಭ್ಯ.

ಅತಿಥಿಯಾಗಿ ನೀನು ಎರಡನೇ ಸಾಲಿನಲ್ಲಿ ಕೂತಿದ್ದೆ. ಊಟದ ಮೇಜಿನಲ್ಲಿ ನನ್ನ ಭುಜ ತಟ್ಟಿ ನೀನು ಹೇಳಿದ್ದನ್ನು ಅಕ್ಷರ ಬಿಡದೆ ಬರೆಯಬಲ್ಲೆ: "ಅಲ್ಲಪ್ಪಾ ಮೇಷ್ಟ್ರೇ, ಆ ದೇವಾಲಯ ಕಟ್ಟಿದ್ದು ನಿಮ್ಮೋರು ಅಂದ್ಮೇಲೆ, ಅದು ಬಿದ್ದೋಯ್ತು ಅಂತ ನಮ್ಮಜ್ಜ ವರ್ಷಾ ವರ್ಷಾ ಉಪವಾಸ ಮಾಡ್ತಿದ್ದನಲ್ಲ, ಯಾರ್ದೋ ಮನೆ ಬಿದ್ದಿದ್ದಕ್ಕೆ ಇವನ್ಯಾಕೆ ಹೊಟ್ಟೆಗಿಲ್ದೆ ಕೂತಿದ್ದ?" ಮೇಜಿನವರೆಲ್ಲ ನಕ್ಕರು. ನಾನೂ ನಕ್ಕೆ. ನೀನು ನನಗೊಂದು ದಾರಿ ಬಿಟ್ಟುಕೊಟ್ಟಿದ್ದೆ, ಸೀಗ್‌ಬೆರ್ಟ್. ಹೌದಲ್ಲ ಎಂದು ಅಲ್ಲೇ ಒಪ್ಪಿಕೊಂಡು ಆ ಕಾಗದಗಳನ್ನು ಹರಿದು ಹಾಕುವಷ್ಟು ಜಾಗವಿತ್ತು ಆ ನಗುವಿನಲ್ಲಿ. ನಾನು ನಿನ್ನ ಲೋಟಕ್ಕೆ ವೈನ್ ಬಗ್ಗಿಸಿದೆ.

ಮೂರು ವಾರದ ನಂತರ ಮತದಾನ. ಪೆಟ್ಟಿಗೆ ಸುತ್ತು ಬಂತು. ಎಲ್ಲರೂ ಕೈ ಒಳಗೆ ತೂರಿಸಿ ಚೆಂಡು ಬಿಟ್ಟರು. ಆಗಿನ ಮುಖ್ಯಸ್ಥ, ಔಷಧಿ ಅಂಗಡಿಯ ಮುದುಕ ಟ್ರೌಗಾಟ್ ಹೆನ್ಶೆಲ್, ಪೆಟ್ಟಿಗೆ ತೆರೆದು ಎರಡು ಸಲ ಎಣಿಸಿದ. ಮೂವತ್ತೊಂದು ಬಿಳಿ, ಎರಡು ಕಪ್ಪು. ಬಾಗಿಲು ಮುಚ್ಚಲು ಎರಡು ಕಪ್ಪು ಸಾಕು. ಇದಿಷ್ಟು ನಿನಗೆ ಗೊತ್ತಿರುವುದು. ಇಲ್ಲಿಂದ ಮುಂದಿನದು ನಿನಗೆ ಗೊತ್ತಿಲ್ಲ.

ನಿಮ್ಮ ಬ್ರೆಸ್ಲೌನಲ್ಲಿ ಹೇಗೋ ಕಾಣೆ, ನಮ್ಮಲ್ಲೊಂದು ಪದ್ಧತಿಯಿತ್ತು. ಕಪ್ಪು ಹಾಕಿದವನು ಏಳು ದಿನದೊಳಗೆ ಮುಖ್ಯಸ್ಥನ ಮನೆಗೆ ಒಬ್ಬನೇ ಹೋಗಿ ಕಾರಣ ಹೇಳಬೇಕು. ಹೆಸರು ಮುಖ್ಯಸ್ಥನಲ್ಲೇ ಉಳಿಯುತ್ತದೆ, ಕಾರಣ ಮಾತ್ರ ಜಾಮೀನುದಾರನಿಗೆ ತಿಳಿಯುತ್ತದೆ. ಆ ಕಾರಣ ಸುಳ್ಳೆಂದು ಸಭೆಯಲ್ಲಿ ತೋರಿಸಿಕೊಟ್ಟರೆ ಆ ಚೆಂಡುಗಳಿಗೆ ಬೆಲೆಯಿಲ್ಲ. ಹೊಸದಾಗಿ ಮತ ಹಾಕಿಸುತ್ತಾರೆ. ಸಿಟ್ಟಿನಿಂದಲೋ ಹೊಟ್ಟೆಕಿಚ್ಚಿನಿಂದಲೋ ಯಾರೂ ಬಾಗಿಲು ಮುಚ್ಚಬಾರದೆಂದು ಹಿಂದಿನವರು ಯೋಚಿಸಿ ಮಾಡಿದ ಕಟ್ಟಳೆ.

ಎಂಟನೆಯ ದಿನ ಹೆನ್ಶೆಲ್ ನನ್ನನ್ನು ಅಂಗಡಿಗೆ ಕರೆಸಿದ. ಮಧ್ಯಾಹ್ನದ ಊಟದ ಬಿಡುವು. ಕೆಮ್ಮಿನ ಗುಳಿಗೆಗಳನ್ನು ಪೊಟ್ಟಣ ಕಟ್ಟುತ್ತ, ತಲೆ ಎತ್ತದೆ ಹೇಳಿದ: "ಇಬ್ಬರೂ ಬಂದಿದ್ರು. ಬೇರೆ ಬೇರೆ ದಿನ. ಇಬ್ಬರೂ ಒಂದೇ ಕಾರಣ ಕೊಟ್ರು. ಯಾರ ಮಾತಲ್ಲಿ ಕೊಟ್ರು ಗೊತ್ತಾ ಫೆಕ್ನರ್? ನಿಮ್ಮ ಮಾತಲ್ಲಿ. ಬೀಗದ ಕೈ ನೆರಳಿನ ಜನಕ್ಕೆ ಎರಡನೇ ಸಲ ಕೊಡೋಕಾಗಲ್ವಂತೆ. ಒಬ್ಬ ಅಂತೂ ನಿಮ್ಮ ಉಪನ್ಯಾಸದ ಟಿಪ್ಪಣಿ ಜೇಬಲ್ಲಿ ಇಟ್ಕೊಂಡೇ ಬಂದಿದ್ದ."

ಅವರು ತಪ್ಪು ತಿಳಿದಿದ್ದಾರೆ, ಅದೆಲ್ಲ ಸಂಕೇತ ಎಂದೆ.

"ಸಂಕೇತಕ್ಕೆ ಹೆದರ್ಕೊಂಡು ಒಬ್ಬ ಮನುಷ್ಯನ್ನ ಬಾಗಿಲಲ್ಲಿ ನಿಲ್ಸಿದಾರಲ್ಲ ಮೇಷ್ಟ್ರೇ. ಅವನು ಸಂಕೇತ ಅಲ್ಲ. ನಿಮ್ಮ ಕನ್ನಡಕ ಮಾಡ್ಕೊಟ್ಟೋನು." ಪೊಟ್ಟಣ ಪಕ್ಕಕ್ಕಿಟ್ಟು ನನ್ನನ್ನು ನೋಡಿದ. "ಬರೋ ಶುಕ್ರವಾರ ಎದ್ದು ನಿಂತ್ಕೊಂಡು ಒಂದೇ ಮಾತು ಹೇಳಿ. ನಾನು ಹೇಳಿದ್ದು ತಪ್ಪು, ಆ ಪುಸ್ತಕ ಕಟ್ಟುಕತೆ ಅಂತ. ಅವರ ಕಾರಣ ಅಲ್ಲಿಗೆ ಮುಗೀತು. ಅವತ್ತೇ ಮತ ಹಾಕಿಸ್ತೀನಿ. ಇದು ನಿಮ್ಮೊಬ್ಬರಿಂದ ಆಗೋ ಕೆಲಸ."

ಆ ಇಬ್ಬರ ಹೆಸರು ನನಗೆ ಕೊನೆಗೂ ತಿಳಿಯಲಿಲ್ಲ. ತಿಳಿದಿದ್ದರೂ ನಿನಗೆ ಹೇಳುತ್ತಿರಲಿಲ್ಲ. ಹೇಳಿದರೆ ನಿನ್ನ ಕೋಪ ಮೂರು ಪಾಲಾಗಿ ನನ್ನ ಪಾಲು ಕಡಿಮೆಯಾಗುತ್ತದೆ.

ಶುಕ್ರವಾರ ಎದ್ದು ನಿಂತೆ. ಹನ್ನೊಂದು ನಿಮಿಷ ಮಾತಾಡಿದೆ. ಸಂಕೇತವನ್ನು ವ್ಯಕ್ತಿಗೆ ಅನ್ವಯಿಸಬಾರದೆಂದೆ. ನೆರಳು ಎಲ್ಲರೊಳಗೂ ಇದೆಯೆಂದೆ. ಗ್ರೀಕರನ್ನು ಕರೆತಂದೆ. 'ತಪ್ಪು' ಎಂಬ ಪದ ಆ ಹನ್ನೊಂದು ನಿಮಿಷದಲ್ಲಿ ಇರಲಿಲ್ಲ. ಉಪನ್ಯಾಸ ಬರ್ಲಿನ್ನಿನ ಪತ್ರಿಕೆಯೊಂದರಲ್ಲಿ ಅಚ್ಚಾಗುವುದಿತ್ತು, ಕರಡಚ್ಚು ಆ ವಾರವಷ್ಟೇ ಬಂದಿತ್ತು. ಸಣ್ಣ ಊರಿನ ಮೇಷ್ಟ್ರ ಹೆಸರು ಅಚ್ಚಿನಲ್ಲಿ. ಇಷ್ಟೇ ಕಾರಣ ಎಂದು ಬರೆದರೆ ಅದೂ ಒಂದು ವಂಚನೆ. ಇನ್ನೊಂದಿತ್ತು: ನನ್ನ ಮನಸ್ಸಿನ ಒಂದು ಭಾಗ ಆ ಪುಸ್ತಕವನ್ನು ನಂಬಿತ್ತು. ನಿನ್ನ ಜೊತೆ ರೊಟ್ಟಿ ಹಂಚಿಕೊಂಡು ತಿಂದ ಮೇಲೂ ನಂಬಿತ್ತು. ನೀನು ಆ ಮಾತಿಗೆ ಹೊರತಾದವನು, ಒಳ್ಳೆಯವನು, ಬೇರೆಯವನು ಎಂದುಕೊಂಡಿದ್ದೆ. ಸ್ನೇಹವೆಂದರೆ ಅದೇ ಎಂದು ತಿಳಿದಿದ್ದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. ಹೆನ್ಶೆಲ್ ತಟ್ಟಲಿಲ್ಲ. ಅವತ್ತು ಮತ ನಡೆಯಲಿಲ್ಲ.

ಮರುದಿನ ನಿನ್ನ ಅಂಗಡಿಗೆ ಬಂದು, ಗುಟ್ಟಿನ ಮತ, ಕಾರಣ ನನಗೂ ಗೊತ್ತಿಲ್ಲ ಎಂದೆ. ನೀನು ಗಾಜು ಒರೆಸುತ್ತ ನನ್ನನ್ನೇ ಸಮಾಧಾನ ಮಾಡಿದೆ: "ಹೋಗ್ಲಿ ಬಿಡಯ್ಯ. ಕಪ್ಪು ಬಿದ್ದಿರೋದು ನನಗೆ, ನಿನ್ನ ಮುಖ ಯಾಕೆ ಹಿಂಗಾಗಿದೆ? ಬಾ, ಕಾಫಿ ಕುಡಿಯೋಣ." ಕುಡಿದೆ. ಎರಡು ಲೋಟ.

ಮೂವತ್ತಮೂರರ ವಸಂತಕ್ಕೆ, ಹೊಸ ಸರ್ಕಾರಕ್ಕೆ ಹೆದರಿ, ಲಾಡ್ಜ್ ತನ್ನ ಹೆಸರು ಬದಲಿಸಿಕೊಂಡು ಕ್ರೈಸ್ತ ಸಂಘವಾಯಿತು. ಹೆನ್ಶೆಲ್ ಅಷ್ಟರಲ್ಲಿ ತೀರಿಕೊಂಡಿದ್ದ. ಹೊಸ ಮುಖ್ಯಸ್ಥ ಒಬ್ಬ ವಕೀಲ, ನನ್ನ ಹೆಗಲ ಮೇಲೆ ಕೈ ಹಾಕಿ, "ಆ ಮರಳುಗಾಡಿನ ಪದಗಳನ್ನೆಲ್ಲ ತೆಗೆದು ನಮ್ಮವು ಹಾಕ್ಬೇಕು. ನಿಮ್ಮ ಪುಸ್ತಕದಲ್ಲಿ ಬೇಕಾದಷ್ಟಿರುತ್ತಲ್ಲ" ಎಂದ. ಇತ್ತು. ಸಭಾಂಗಣದ ಎರಡು ಕಂಬಗಳ ಹೀಬ್ರೂ ಹೆಸರು ಹೋಗಿ ಜರ್ಮನ್ ಹೆಸರು ಬಂತು. ಸೊಲೊಮನ್ ಹೋಗಿ ಒಬ್ಬ ಚರ್ಚಿನ ಶಿಲ್ಪಿ ಬಂದ. ನಲವತ್ತು ವರ್ಷದಿಂದ ಹಳೆಯ ಪದಗಳನ್ನೇ ಹೇಳುತ್ತ ಬಂದಿದ್ದ ಬೇಕರಿಯ ಮುದುಕನ ಬಾಯಲ್ಲಿ ಮಾತ್ರ ಹೊಸವು ನಿಲ್ಲುತ್ತಿರಲಿಲ್ಲ. "ಏನ್ ಮಾಡ್ಲಿ, ನಾಲಿಗೆ ಅದನ್ನೇ ಹೇಳುತ್ತೆ. ಅದನ್ನೂ ಕಿತ್ತು ಹೊಸದು ಹಾಕ್ಕೊಡ್ತೀರಾ?" ಎಂದು ಸಭೆಯ ನಡುವೆ ಕೇಳಿದ. ಅವನನ್ನು ಗದರಿಸಿ ಕೂರಿಸಿದವನು ನಾನು.

ಹೋದ ವರ್ಷ ಜುಲೈನಲ್ಲಿ ಗುಪ್ತ ಪೊಲೀಸರು ಲಾಡ್ಜ್ ಮುಚ್ಚಲು ಬಂದರು. ಬೆಳಿಗ್ಗೆ ಹತ್ತು ಗಂಟೆ, ನಾಲ್ಕು ಜನ. ಅಧಿಕಾರಿಯ ಕೈಯಲ್ಲೊಂದು ತೆಳು ಪುಸ್ತಿಕೆಯಿತ್ತು. ಅದರ ಮಾತುಗಳು ನನಗೆ ಹೊಸವಲ್ಲ. ಮ್ಯೂನಿಕ್‌ನ ಪಂಡಿತನ ಮೂರು ಸಂಪುಟಗಳನ್ನು ಅಗ್ಗದ ಕಾಗದಕ್ಕೆ ಇಳಿಸಿದ ಹಾಗಿತ್ತು. ಒಂದೇ ಬದಲಾವಣೆ. ಈಗ ನೆರಳಿನ ಜನರ ಪಟ್ಟಿಯಲ್ಲಿ ನಾವೂ ಇದ್ದೆವು. "ಏನ್ರೀ, ಯೆಹೂದಿಗಳ ಆಳುಗಳಾ, ದೇವಾಲಯ ಕಟ್ಟಿ ಮುಗೀತಾ?" ಎಂದು ಕೇಳಿದ.

ಆಗ ನಾನು ಮಾಡಿದ ಕೆಲಸವನ್ನು ಈವರೆಗೆ ಯಾರಿಗೂ ಹೇಳಿಲ್ಲ. ಕಪಾಟಿನಿಂದ ನಡಾವಳಿ ಪುಸ್ತಕ ತೆಗೆದೆ. ಇಪ್ಪತ್ನಾಲ್ಕರ ಪುಟ ತೆರೆದೆ. ನಿನ್ನ ಹೆಸರಿನ ಮೇಲೆ ಬೆರಳಿಟ್ಟು, "ನೋಡಿ ಸ್ವಾಮಿ, ನಾವು ಇವರನ್ನ ಸೇರಿಸ್ಕೊಂಡವರಲ್ಲ. ಅರ್ಜಿ ಹಾಕಿದವನನ್ನ ಆಗಲೇ ಹೊರಗಿಟ್ಟಿದ್ವಿ" ಎಂದೆ. ಜಾಮೀನುದಾರನ ಜಾಗದಲ್ಲಿದ್ದ ನನ್ನ ಹೆಸರು ನನ್ನ ಹಸ್ತದ ಕೆಳಗೆ ಮುಚ್ಚಿಕೊಂಡಿತ್ತು. ಅವನು ಪುಸ್ತಕ ತನ್ನ ಕಡೆಗೆ ತಿರುಗಿಸಿಕೊಂಡು ಓದಿದ. "ಬ್ರೆಸ್ಲೌ ಲಾಡ್ಜ್‌ನವನಾ ಇವನು? ಯೆಹೂದಿ, ಮೇಲಿಂದ ಮೇಸನ್. ಈಗೆಲ್ಲಿದಾನೆ?" ಎಂದ. ಅಂಗಡಿಯ ಬೀದಿ ಹೇಳಿದೆ. ಬರೆದುಕೊಂಡ.

ಸೆಪ್ಟೆಂಬರಿನಲ್ಲಿ ನಿನ್ನನ್ನು ಕರೆದೊಯ್ದು ಮೂರು ದಿನ ಕೂರಿಸಿಕೊಂಡರಲ್ಲ. ಬಿಟ್ಟ ಮೇಲೆ ನೀನು ನೇರ ನಮ್ಮ ಮನೆಗೆ ಬಂದೆ. ನಿನ್ನ ಎಡಗಿವಿ ಕೇಳಿಸುತ್ತಿರಲಿಲ್ಲ. "ಬ್ರೆಸ್ಲೌ ವಿಷಯ ಇವರಿಗೆ ಹೆಂಗೆ ಗೊತ್ತಾಯ್ತು ಮೇಷ್ಟ್ರೇ? ಈ ಊರಲ್ಲಿ ಅದು ಯಾರಿಗೂ ನೆನಪೂ ಇಲ್ಲ" ಎಂದು ಮತ್ತೆ ಮತ್ತೆ ಕೇಳಿದೆ. ಓಟಿಲಿ ಬಿಸಿನೀರು ತಂದಳು. ನಾನು ನಿನ್ನ ಬಲಗಡೆ ಕೂತು, ತಿಳಿಯದು ಎಂದೆ. ನಿನಗೆ ಸರಿಯಾಗಿ ಕೇಳಿಸಲೆಂದು ಎರಡು ಸಲ ಹೇಳಿದೆ.

ಈ ಊರನ್ನು ನೀನು ಬಿಡಬೇಕಾದದ್ದು ಯಾರಿಂದ ಎಂದು ಲೋಕ ಮುಂದೆ ಬೇರೆ ಹೆಸರುಗಳನ್ನು ಬರೆಯುತ್ತದೆ. ದೊಡ್ಡ ಹೆಸರುಗಳು. ಅವು ಸರಿಯೂ ಇರುತ್ತವೆ. ಅವುಗಳ ನಡುವೆ ನನ್ನಂಥವನು ಸಿಕ್ಕುವುದಿಲ್ಲ. ಹಾಗಾಗಿ ನಿನ್ನ ಕೈಯಲ್ಲಾದರೂ ಇರಲಿ ಎಂದು ಬರೆದುಕೊಡುತ್ತಿದ್ದೇನೆ: ಪೆಟ್ಟಿಗೆಯೊಳಗೆ ನನ್ನ ಕೈ ಬಿಳಿ ಚೆಂಡು ಬಿಟ್ಟಿತು. ಕಪ್ಪು ಎರಡನ್ನೂ ಅದಕ್ಕೆ ಮೊದಲೇ ಆ ಉಪನ್ಯಾಸದಲ್ಲಿ ನಾನು ಹಂಚಿಯಾಗಿತ್ತು.

ಅಂಚೆಯಲ್ಲಿ ತೆರೆದು ಓದುತ್ತಾರೆ. ಆದ್ದರಿಂದ ಇದನ್ನು ಓಟಿಲಿಯ ತಂಗಿಯ ಕೈಯಲ್ಲಿ ಕಳಿಸುತ್ತಿದ್ದೇನೆ. ಅವಳು ಗುರುವಾರ ಹ್ಯಾಂಬರ್ಗಿಗೆ ಹೋಗುತ್ತಾಳೆ. ಜಾಮ್ ಕೂಡ ಅವಳೇ ತರುತ್ತಾಳೆ. ಅದು ಓಟಿಲಿಯದು, ಅದರಲ್ಲಿ ನನ್ನ ಪಾಲಿಲ್ಲ, ತೆಗೆದುಕೊಳ್ಳಿ. ಓದಿದ ಮೇಲೆ ಈ ಹಾಳೆಗಳನ್ನು ಸುಡು ಎಂದು ಕೇಳಬೇಕಿತ್ತು. ಕೇಳುವುದಿಲ್ಲ.

ಚೆಂಡು ನನ್ನದಲ್ಲದಿದ್ದರೆ ಬಾ ಎಂದು ನೀನು ಬರೆದಿದ್ದೆ. ಆ ಲೆಕ್ಕದಲ್ಲಿ ನಾನು ಬರಬಹುದು. ದಕ್ಕೆಯಲ್ಲಿ ನಿಲ್ಲಬಹುದು, ನೀನು ತಬ್ಬಿಕೊಳ್ಳುತ್ತೀಯ, ನಿನ್ನ ಮಗಳನ್ನು ಎತ್ತಿ ಹಡಗು ತೋರಿಸಬಹುದು. ನಿನ್ನನ್ನು ಬಲ್ಲೆನಾದ್ದರಿಂದ ಹೇಳುತ್ತೇನೆ, ಈ ಪತ್ರ ಓದಿದ ಮೇಲೂ ನೀನು ಜನರ ಗುಂಪಿನಲ್ಲಿ ಒಂದು ಸಲ ತಿರುಗಿ ನೋಡುತ್ತೀಯ. ನೋಡಬೇಡ. ನಾನು ಬರುವುದಿಲ್ಲ.

ಸಮುದ್ರ ನಿಮ್ಮ ಮೂವರಿಗೂ ಮೆತ್ತಗಿರಲಿ. ನಿನ್ನ ಕಿವಿ ವಾಸಿಯಾಗಲಿ. ಆ ಊರಿನಲ್ಲಿ ನಿನಗೆ ಗೆಳೆಯರು ಸಿಗಲಿ, ಹೆಚ್ಚು ಓದಿಕೊಂಡವರಲ್ಲದ ಗೆಳೆಯರು.

ರೈನ್‌ಹೋಲ್ಡ್ ಫೆಕ್ನರ್